ಅಡ್ಡಬಿಲ್ಲು ಮತ್ತು ನಮ್ಮನೆ ಒರಳು

ಗೊತ್ತಿಲ್ಲದ ವಿಷಯದಲ್ಲಿ ತೀರ್ಪು ಕೊಡುವುದು ನನ್ನ ಹುಟ್ಟುಗುಣ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ನನ್ನದು ಮೈಸೂರಿನಿಂದ ಸಮುದ್ರ ದಾಟಿ ಸರಟೋಗಾಕ್ಕೆ ಬಂದರೂ ಹೋಗಿಲ್ಲ. ಸೊಳ್ಳೆ ಹೊಡೆಯುವಾಗಲೂ ಕಣ್ಣು ಮುಚ್ಚಿಕೊಳ್ಳುವ ಆಸಾಮಿ ನಾನು. ಹಿತ್ತಲಿಗೆ ಬರುವ ಜಿಂಕೆಗಳು ನಮ್ಮ ದಾಸವಾಳವನ್ನು ಬೋಳಿಸಿ ಹಾಕಿದರೂ ಕಿಟಕಿಯ ಒಳಗಿನಿಂದಲೇ "ಹುಶ್" ಎಂದು ಕರ್ತವ್ಯ ಮುಗಿಸುತ್ತೇನೆ. ಅಂಥ ನನ್ನ ಹತ್ತಿರ ಪಕ್ಕದ ಮನೆಯ ರಾಬ್ ಬೇಟೆಯ ವ್ಯಾಜ್ಯ ತಂದ.

ರಾಬ್‌ಗೆ ಎಪ್ಪತ್ತು ದಾಟಿದೆ. ಬಂದೂಕಿನವರಿಗಿಂತ ಮೊದಲು ಬಿಲ್ಲಿನವರಿಗೆಂದೇ ಮೀಸಲಾದ ಕೆಲವು ವಾರಗಳಲ್ಲಿ ಕಾಡಿಗೆ ಹೋಗುವುದು ಅವನಿಗೆ ವ್ರತವಿದ್ದಂತೆ. ಈಗ ಭುಜ ಕೈಕೊಟ್ಟಿದೆ, ಹೆದೆ ಎಳೆಯಲಾಗದು. ಕ್ರಾಸ್‌ಬೋ ಎನ್ನುವ ಅಡ್ಡಬಿಲ್ಲಾದರೆ ಹಿಡಿ ತಿರುಗಿಸಿ ಹೆದೆಯನ್ನು ಸಿಕ್ಕಿಸಿಟ್ಟರಾಯಿತು, ಆಮೇಲೆ ಬಂದೂಕಿನ ಹಾಗೆ ಬೆರಳಲ್ಲಿ ಕುದುರೆ ಒತ್ತುವುದಷ್ಟೇ. ಆದರೆ ಆ ವಾರಗಳಲ್ಲಿ ಅದಕ್ಕೆ ಸರ್ಕಾರದ ಅನುಮತಿಯಿಲ್ಲ. ಡಾಕ್ಟರ ಚೀಟಿ ತಂದವರಿಗೆ ವಿನಾಯಿತಿ ಉಂಟಂತೆ, "ನನಗೇನು ರೋಗವೇ? ವಯಸ್ಸಾಗಿದೆ, ಅಷ್ಟೇ" ಎನ್ನುತ್ತಾನೆ ಇವನು. ಅಡ್ಡಬಿಲ್ಲು ಬಳಸಲು ಎಲ್ಲರಿಗೂ ಅನುಮತಿ ಕೊಡಿ ಎಂದು ಅರ್ಜಿ ಬರೆದು ನನ್ನ ಸಹಿ ಕೇಳಿದ. "ಗೆಳೆಯರೆಲ್ಲ ಮೋಸ ಅಂತಾರೆ. ಈ ಸಲ ತಪ್ಪಿದರೆ ನಾನಿನ್ನು ಕಾಡು ಹತ್ತುವುದಿಲ್ಲ" ಎಂದಾಗ ಅವನ ದನಿ ಸಣ್ಣಗಾಗಿತ್ತು.

ಒಂದು ಸಹಿ ಗೀಚಿ, ಕಾಫಿ ಕೊಟ್ಟು ಕಳಿಸಬಹುದಿತ್ತು. ನಾನು ಶಿವಧನುಸ್ಸಿನಿಂದ ಶುರುಮಾಡಿದೆ. ರಾಮ ಹೆದೆ ಏರಿಸಿದ್ದು ಸ್ವಂತ ತೋಳಿನಿಂದ. ಜನಕನ ಸಭೆಯಲ್ಲಿ ಕುದುರೆ ಒತ್ತಿದ್ದರೆ ಸೀತೆ ಮಾಲೆ ಹಾಕುತ್ತಿದ್ದಳೇ? ಶ್ರಮವಿಲ್ಲದ್ದು ವಿದ್ಯೆಯೇ ಅಲ್ಲ ಎಂದು ಮುಗಿಸಿದಾಗ ರಾಬ್ ಕಾಗದ ಮಡಚಿಕೊಂಡು ಹೊರಟುಹೋದ.

ಅಡುಗೆಮನೆಯಿಂದ ನನ್ನ ಹೆಂಡತಿ ಸುಮ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಏನ್ರೀ, ಕೈಯಲ್ಲಿ ಎಳೆದ್ರೇನೇ ಬಿಲ್ಲಾ? ಹಂಗಾದ್ರೆ ಕೈಯಲ್ಲಿ ರುಬ್ಬಿದ್ರೇನೇ ಚಟ್ನಿ. ನಾಳೆಯಿಂದ ಮಿಕ್ಸಿ ಬಂದ್."

ನಮ್ಮ ನಡುಮನೆಯಲ್ಲಿ ಒಂದು ಕಲ್ಲಿನ ಒರಳಿದೆ. 'ಒರಳಿನ ಚಟ್ನಿ ರುಚಿಯೇ ಬೇರೆ' ಎಂದು ಉಪನ್ಯಾಸ ಮಾಡುತ್ತಾ ನಾನೇ ಊರಿನಿಂದ ಹೊತ್ತು ತಂದದ್ದು. ಏರ್‌ಪೋರ್ಟಿನಲ್ಲಿ ಅದೇನೆಂದು ವಿವರಿಸಿ ಗಂಟಲು ಒಣಗಿತ್ತು. ಅಂದಿನಿಂದ ಅದರಲ್ಲಿ ಮನಿಪ್ಲಾಂಟು ಸುಖವಾಗಿ ಬೆಳೆಯುತ್ತಿದೆ. ಶನಿವಾರ ಬೆಳಿಗ್ಗೆ ಸುಮ ಗಿಡ ಕಿತ್ತು, ಒರಳು ತೊಳೆದು, ಎರಡು ಕಾಯಿ ತುರಿದಿಟ್ಟು, "ಹತ್ತು ಗಂಟೆಗೆ ಪಕ್ಕದೂರು ಕ್ಯುಪರ್ಟಿನೋದಿಂದ ಎಂಟು ಜನ ದೋಸೆಗೆ ಬರ್ತಾರೆ" ಎಂದಳು. ಮಗಳು ಫೋನಿನಿಂದ ತಲೆಯೆತ್ತಿ, "ಅಪ್ಪಾ, ಯು ಕಾಂಟ್ ಈವನ್ ಓಪನ್ ದ ಪಿಕಲ್ ಜಾರ್" ಎಂದಳು.

ಹಠಕ್ಕೆ ಬಿದ್ದು ರುಬ್ಬಿದೆ. ಕಾಯಿ ನುಣ್ಣಗಾಗುವ ಮೊದಲು ನಾನು ನುಣ್ಣಗಾದೆ. ಬಂದವರು ಚಟ್ನಿಯನ್ನು ಕೋಸಂಬರಿಯೆಂದು ತಿಳಿದು ಎರಡೆರಡು ಸಲ ಹಾಕಿಸಿಕೊಂಡರು. ಮಧ್ಯಾಹ್ನದ ಹೊತ್ತಿಗೆ ಬಲತೋಳು ಸೊಂಟಕ್ಕಿಂತ ಮೇಲೆ ಏಳಲಿಲ್ಲ.

ಸಂಜೆ ನಾಚಿಕೆ ಬಿಟ್ಟು ರಾಬ್‌ನ ಬಾಗಿಲಿಗೆ ಹೋದೆ. ಬೆಲ್ಲು ಒತ್ತಲು ಎಡಗೈಯೇ ಬೇಕಾಯಿತು. ಅವನು ನನ್ನ ಭುಜ ನೋಡಿ ತನ್ನ ನೋವಿನ ಮುಲಾಮು ತಂದು ಕೊಟ್ಟ. ಅರ್ಜಿ ಕೇಳಿ ತೆಗೆದುಕೊಂಡು ಎಡಗೈಯಲ್ಲೇ ಸಹಿ ಹಾಕಿದೆ. ಕೋಳಿ ಕೆದಕಿದಂತಿದ್ದ ಆ ಸಹಿಯನ್ನು ಅವನು ನೋಡಿ, "ನಿಮ್ಮ ರಾಮ ಇದಕ್ಕೆ ಒಪ್ಪುತ್ತಾನಾ?" ಎಂದು ಕೇಳಿದ.

"ರಾಮನಿಗೇನಪ್ಪ," ಎಂದೆ, "ಅವನಿಗೆ ಯಾರೂ ಚಟ್ನಿ ರುಬ್ಬಲು ಹೇಳಿರಲಿಲ್ಲ."