ಮೊದಲ ಬಸ್ಸಿನ ಡ್ರೈವರ್ ಕಾರು ಕೊಂಡ ದಿನ

ಊರಿಗೆಲ್ಲ ಬೆಳಗಿನ ಮೊದಲ ಬಸ್ಸು ತರುವ ಡ್ರೈವರ್‌ಗೆ ಬೆಳಿಗ್ಗೆ ಕೆಲಸಕ್ಕೆ ಹೋಗಲು ಬಸ್ಸಿರಲಿಲ್ಲ. ಇರುವುದಾದರೂ ಹೇಗೆ? ಡಿಪೋದಿಂದ ಮೊದಲು ಹೊರಡುವ ಬಸ್ಸನ್ನು ಓಡಿಸುವವನೇ ಅವನು. ಅವನು ಡಿಪೋ ತಲುಪಿದರೆ ತಾನೇ ಬಸ್ಸು ಹೊರಡುವುದು, ಬಸ್ಸು ಹೊರಟರೆ ತಾನೇ ಅವನು ಡಿಪೋ ತಲುಪುವುದು. ದೀಪದ ಬುಡದಲ್ಲೇ ಕತ್ತಲು ಅನ್ನುತ್ತಾರಲ್ಲ, ಹಾಗಾಗಿತ್ತು ಅವನ ಪಾಡು.

ಇಷ್ಟು ವರ್ಷ ಒಂದು ಹಳೆಯ ಸ್ಕೂಟರು ಈ ತೊಡಕನ್ನು ಹೊತ್ತುಕೊಂಡು ತಿರುಗಿತ್ತು. ಹೋದ ತಿಂಗಳು ಅದೂ ನಡುದಾರಿಯಲ್ಲಿ ಕೂತುಬಿಟ್ಟಿತು. ಮೆಕ್ಯಾನಿಕ್ ಅದರ ಸುತ್ತ ಒಂದು ಸುತ್ತು ಬಂದು, ಡ್ರೈವರ್‌ನ ಹೆಗಲ ಮೇಲೆ ಕೈಯಿಟ್ಟ. ಆಮೇಲೆ ಡ್ರೈವರ್ ಹಾಲಿನ ವ್ಯಾನು ಹತ್ತಿ ಹೋದ, ತರಕಾರಿ ಲಾರಿ ಹತ್ತಿ ಹೋದ, ಒಂದು ದಿನ ಓಡಿಕೊಂಡೂ ಹೋದ. ಎಲ್ಲ ದಿನವೂ ತಡವೇ. ಕೊನೆಗೆ ಡಿಪೋ ಮ್ಯಾನೇಜರ್ ಕರೆದು, ಇನ್ನೊಂದು ಸಲ ತಡವಾದರೆ ಸ್ಟೀರಿಂಗ್ ಬಿಡಿಸಿ ಬಸ್ಸು ತೊಳೆಯುವ ಕಡೆ ಹಾಕುತ್ತೇನೆ ಎಂದು ಸ್ಪಷ್ಟವಾಗಿ ಹೇಳಿದರು. ಅರ್ಧ ಆಯುಸ್ಸು ಸ್ಟೀರಿಂಗ್ ಹಿಡಿದವನಿಗೆ ಬಕೆಟ್ ಹಿಡಿಯುವ ಯೋಚನೆಯಿಂದಲೇ ಜ್ವರ ಬಂತು.

ಜ್ವರ ಇಳಿಸಿದವಳು ಹೆಂಡತಿ. ಅಡುಗೆಮನೆಯ ಸೋರುವ ಚಾವಣಿ ಸರಿಮಾಡಿಸಲೆಂದು ಅವಳು ಬಹಳ ದಿನದಿಂದ ಎತ್ತಿಟ್ಟಿದ್ದ ದುಡ್ಡನ್ನು ತಂದು ಅವನ ಮುಂದಿಟ್ಟಳು.

"ಚಾವಣಿ ಇನ್ನೊಂದೆರಡು ವರ್ಷ ಸೋರ್ಲಿ, ನಿಮ್ಮ ಕೆಲಸ ಸೋರಿಹೋಗೋದು ಬೇಡ. ಒಂದು ಕಾರು ತಗೊಳ್ಳಿ. ಕಡಿಮೆ ಬೆಲೇದು, ಕಡಿಮೆ ಕುಡಿಯೋದು. ನನಗೆ ಗಂಡು ನೋಡೋವಾಗ ನಮ್ಮಪ್ಪ ನೋಡಿದ್ದೂ ಇಷ್ಟೇ."

ಈ ಮಾತು ಮುಗಿಯುವ ಮೊದಲೇ ಪಕ್ಕದ ಮನೆಯಿಂದ ಮೈಲೇಜು ಮಾಮ ಬಂದು ಬಾಗಿಲಲ್ಲಿ ನಿಂತಿದ್ದರು. ಎರಡು ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಆ ಗೋಡೆಗೆ ಕಿವಿ ಇತ್ತು, ಆ ಕಿವಿ ಮಾಮನದು. ಕೆಲಸದಿಂದ ನಿವೃತ್ತರಾದ ಮೇಲೆ ಮಾಮನಿಗೆ ಉಳಿದದ್ದು ಒಂದೇ ಕಸುಬು, ಊರಿನ ವಾಹನಗಳೆಲ್ಲ ಲೀಟರಿಗೆ ಎಷ್ಟು ಓಡುತ್ತವೆ ಎಂದು ವಿಚಾರಿಸುವುದು. ಇಳಿಜಾರು ಕಂಡಲ್ಲೆಲ್ಲ ಎಂಜಿನ್ ಆರಿಸುವವರು ಅವರು. ಹೊಳೆಗೆ ಹಾಕಿದರೂ ಅಳೆದು ಹಾಕಬೇಕು ಎನ್ನುವ ಜಾತಿ. ಡ್ರೈವರ್‌ನ ವಾರದ ರಜೆಯ ದಿನ ಬೆಳಿಗ್ಗೆ ಅವರು ಯಾರೂ ಕರೆಯದಿದ್ದರೂ ಇಸ್ತ್ರಿ ಮಾಡಿದ ಷರಟು ತೊಟ್ಟು ಗೇಟಿನ ಹತ್ತಿರ ಕಾದಿದ್ದರು. ಅಲ್ಲೇ ಇನ್ನೊಬ್ಬನೂ ಇದ್ದ, ಡ್ರೈವರ್‌ನ ಬಸ್ಸಿನ ಕಂಡಕ್ಟರ್. ತಾನು ಸೀಟಿ ಊದದೆ ಡ್ರೈವರ್ ಈವರೆಗೆ ಎಲ್ಲಿಗೂ ಹೊರಟವನಲ್ಲ, ಇವತ್ತು ಮಾತ್ರ ಹೇಗೆ ಬಿಡಲಿ ಎಂಬುದು ಅವನ ವಾದ.

ಷೋರೂಮಿನಲ್ಲಿ ಮೂವರನ್ನೂ ಒಬ್ಬ ಯುವತಿ ನಗುತ್ತ ಎದುರುಗೊಂಡಳು. ಆ ನಗು ಸಂಜೆಯವರೆಗೆ ಉಳಿಯಲಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುವುದು ನ್ಯಾಯ. ಅವಳು ದೊಡ್ಡ ಕಾರು ತೋರಿಸಿದಳು. ಮಾಮ ಅದರ ಮೈಲೇಜು ಕೇಳಿ, ಪರರ ಮನೆಯ ಜಗಳ ಕಂಡವರಂತೆ ಮುಖ ತಿರುಗಿಸಿಕೊಂಡರು. ನಡುವಿನ ಅಳತೆಯದು ತೋರಿಸಿದಳು. ಅದಕ್ಕೆ ಬೆಲೆ ಕೇಳಿ ಡ್ರೈವರ್ ಮುಖ ತಿರುಗಿಸಿಕೊಂಡ. ಕೊನೆಗೆ ಮೂಲೆಯಲ್ಲಿ ಹಾಗಲಕಾಯಿ ಬಣ್ಣದ ಪುಟ್ಟ ಕಾರೊಂದು ಕಂಡಿತು. ಯಾರೋ ಬುಕ್ ಮಾಡಿ, ಬಣ್ಣ ನೋಡಿದ ಮೇಲೆ ಮನಸ್ಸು ಬದಲಾಯಿಸಿ ಬಿಟ್ಟುಹೋದದ್ದು. ಹಾಗಾಗಿ ಬೆಲೆಯೂ ಇಳಿದಿತ್ತು, ಕಾಗದಪತ್ರವೂ ತಯಾರಿತ್ತು. ಲೀಟರಿಗೆ ಇಪ್ಪತ್ತೆರಡು ಕಿಲೋಮೀಟರು ಎಂದಳು ಯುವತಿ. ಮಾಮ ಕಾರಿನ ತಲೆ ಸವರಿದರು.

"ಓಡಿಸಿ ನೋಡಿ ಸಾರ್. ಎಷ್ಟು ಕೊಡ್ತಿದೆ ಅಂತ ಇಲ್ಲೇ ಮುಂದೆ ಕಾಣುತ್ತೆ" ಎಂದು ಅವಳು ಸ್ಟೀರಿಂಗ್ ಹಿಂದಿನ ಪುಟ್ಟ ಪರದೆ ತೋರಿಸಿ ಪಕ್ಕದ ಸೀಟಿನಲ್ಲಿ ಕೂತಳು. ಮಾಮ ಮತ್ತು ಕಂಡಕ್ಟರ್ ಹಿಂದೆ ತುಂಬಿಕೊಂಡರು.

ಬಸ್ಸಿನ ಸ್ಟೀರಿಂಗ್ ಹಿಡಿದ ಕೈಗೆ ಕಾರಿನದು ಊಟದ ತಟ್ಟೆ ಹಿಡಿದಂತಿತ್ತು. ಡ್ರೈವರ್ ಕೀ ತಿರುಗಿಸಿ ಸುಮ್ಮನೆ ಕೂತ. ಹೊರಡಿ ಸಾರ್ ಎಂದಳು ಯುವತಿ. ಅವನು ಅಲುಗಲಿಲ್ಲ. ಯಾಕೆಂದು ಅರ್ಥವಾದದ್ದು ಕಂಡಕ್ಟರ್‌ಗೆ ಮಾತ್ರ. ಅವನು ಜೇಬಿನಿಂದ ಸೀಟಿ ತೆಗೆದು ಎರಡು ಸಲ ಊದಿ "ರೈಟ್ ರೈಟ್" ಅಂದ. ಕಾರು ಹೊರಟಿತು.

ಮೊದಲ ತಿರುವಿನಲ್ಲೇ ಡ್ರೈವರ್ ಬಸ್ಸಿಗೆ ಬೇಕಾದಷ್ಟು ಜಾಗ ಬಿಟ್ಟು ತಿರುಗಿಸಿದ್ದರಿಂದ ಆ ಪುಟ್ಟ ಕಾರು ಎದುರು ಬದಿಯ ಔಷಧಿ ಅಂಗಡಿಯ ಮೆಟ್ಟಿಲವರೆಗೂ ಹೋಗಿ ಬಂತು. ಅಂಗಡಿಯವನು ಏನು ಬೇಕು ಎಂದು ಕೇಳಿದ. ಯುವತಿಗೆ ತಲೆನೋವಿನ ಮಾತ್ರೆ ಬೇಕಿತ್ತು, ಆದರೆ ಕಂಡಕ್ಟರ್ ಆಗಲೇ ಸೀಟಿ ಊದಿದ್ದ.

ಆಮೇಲೆ ಕಾರು ಡ್ರೈವರ್ ದಿನಾ ಬಸ್ಸು ಓಡಿಸುವ ರಸ್ತೆಗೆ ಬಂತು. ನಿಜವಾದ ತೊಂದರೆ ಶುರುವಾದದ್ದು ಅಲ್ಲಿ. ಬಸ್ ನಿಲ್ದಾಣದ ಕಂಬ ಕಂಡೊಡನೆ ಅವನ ಕಾಲು ತನ್ನಷ್ಟಕ್ಕೆ ಬ್ರೇಕಿನ ಮೇಲೆ ಹೋಯಿತು. ಕಾರು ನಿಲ್ದಾಣಕ್ಕೆ ಒತ್ತಿ ನಿಂತಿತು. ಯಾಕೆ ನಿಲ್ಲಿಸಿದಿರಿ ಎಂದು ಯುವತಿ ಕೇಳಿದಳು. ಅವನಿಗೂ ಗೊತ್ತಿರಲಿಲ್ಲ. ಮುಂದಿನ ನಿಲ್ದಾಣದಲ್ಲೂ ಹಾಗೇ ಆಯಿತು. ಪ್ರತಿ ಸಲ ನಿಂತು ಹೊರಟಾಗಲೂ ಪರದೆಯ ಮೇಲಿನ ಅಂಕಿ ಇಳಿಯುತ್ತಿತ್ತು. ಇಪ್ಪತ್ತೆರಡು ಹದಿನೇಳಾಯಿತು. ಮಾಮ ಅದನ್ನು ರೋಗಿಯ ನಾಡಿ ಹಿಡಿದವರ ದನಿಯಲ್ಲಿ ಹೇಳುತ್ತ ಬಂದರು.

ಮೂರನೆಯ ನಿಲ್ದಾಣದಲ್ಲಿ ಹಿಂದಿನ ಬಾಗಿಲು ತೆರೆಯಿತು. ಒಬ್ಬ ಅಜ್ಜಿ ಚೀಲದ ಸಮೇತ ಒಳಗೆ ಬಂದು ಮಾಮನನ್ನು ತಳ್ಳಿ ಕೂತರು. ಡ್ರೈವರ್‌ನ ಬಸ್ಸಿಗೆ ಅವರು ಹಳೆಯ ಗಿರಾಕಿ. ಡ್ರೈವರ್‌ನ ಮುಖ ಎಲ್ಲಿದೆಯೋ ಅದೇ ಬಸ್ಸು ಎಂಬುದು ಅವರ ಲೆಕ್ಕ.

"ಏನಪ್ಪ ಇದು, ಬಸ್ಸು ಇಷ್ಟು ಚಿಕ್ಕದು ಮಾಡಿದ್ದಾರೆ? ಕಾಲು ನೀಡಕ್ಕೂ ಜಾಗ ಇಲ್ಲ. ತಾಳು, ನನ್ನ ಮಗನಿಗೆ ಹೇಳ್ತೀನಿ."

ಕಂಡಕ್ಟರ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ಸೀಟು ಹರಿದಿದ್ದರೆ ಮಗನಿಗೆ ಹೇಳ್ತೀನಿ, ಕಿಟಕಿ ಬಿಗಿಯಾಗಿದ್ದರೆ ಮಗನಿಗೆ ಹೇಳ್ತೀನಿ, ಬಿಸಿಲು ಹೆಚ್ಚಾದರೂ ಮಗನಿಗೆ ಹೇಳ್ತೀನಿ. ಅಜ್ಜಿಯ ಈ ಮಾತು ಆ ಬಸ್ಸಿನಲ್ಲಿ ಎಲ್ಲರಿಗೂ ಬಾಯಿಪಾಠ. ಆ ಮಗ ಯಾರು, ಏನು ಮಾಡುತ್ತಾನೆ ಎಂದು ಯಾರೂ ಕೇಳಿರಲಿಲ್ಲ.

ಅಜ್ಜಿಯ ಹಿಂದೆಯೇ ಒಬ್ಬ ದರ್ಜಿ ಬಟ್ಟೆಯ ಗಂಟು ಹೊತ್ತು ಹತ್ತಿದ. ಮಾಮ ಈಗ ಗಂಟಿನ ಕೆಳಗಿದ್ದರು. ಅಲ್ಲಿಂದಲೇ "ಹದಿಮೂರು" ಎಂದು ಸಣ್ಣ ದನಿ ಬಂತು. ಇದು ಬಸ್ಸಲ್ಲ, ಮಾರಾಟಕ್ಕಿರುವ ಕಾರು ಎಂದು ಯುವತಿ ಬಿಡಿಸಿ ಹೇಳಿದಳು. ಹಾಗಾದರೆ ಟಿಕೆಟ್ ಇಲ್ಲವಲ್ಲ ಎಂದು ದರ್ಜಿ ಇನ್ನಷ್ಟು ಹಾಯಾಗಿ ಒರಗಿದ.

ಕಾರು ಯಾಕಪ್ಪ ನಿನಗೆ ಎಂದು ಅಜ್ಜಿ ವಿಚಾರಿಸಿದರು. ಡ್ರೈವರ್ ಎಲ್ಲ ಹೇಳಿಕೊಂಡ. ಬೆಳಿಗ್ಗೆ ಡಿಪೋಗೆ ಹೋಗಲು ಬಸ್ಸಿಲ್ಲದ್ದು, ಮ್ಯಾನೇಜರ್ ಗದರಿದ್ದು, ಚಾವಣಿಯ ದುಡ್ಡು, ಯಾವುದನ್ನೂ ಬಿಡಲಿಲ್ಲ. ಅಜ್ಜಿಗೆ ಕರುಳು ಚುರುಕ್ಕೆಂದಿತು.

"ನಮ್ಮನ್ನೆಲ್ಲ ಹೊತ್ತು ತಿರುಗೋನಿಗೆ ಒಂದು ಬಸ್ಸಿಲ್ಲ ಅಂದ್ರೆ ಏನು ಅನ್ಯಾಯ ಇದು. ಇವತ್ತೇ ನನ್ನ ಮಗನಿಗೆ ಹೇಳ್ತೀನಿ."

ಆಗಲಿ ಅಜ್ಜಿ, ಹೇಳಿ ಎಂದ ಡ್ರೈವರ್. ಅವರು ಇಳಿಯುವ ನಿಲ್ದಾಣದಲ್ಲಿ ಅಭ್ಯಾಸದಂತೆ ನಿಲ್ಲಿಸಿದ. ಅಜ್ಜಿ ಕೆಳಗಿಳಿದವರೇ ಚೀಲದಿಂದ ಫೋನು ತೆಗೆದದ್ದನ್ನು ಯಾರೂ ಗಮನಿಸಲಿಲ್ಲ. ಎಲ್ಲರ ಕಣ್ಣೂ ಪರದೆಯ ಮೇಲಿತ್ತು. ಅಂಕಿ ಒಂಬತ್ತಕ್ಕೆ ಬಂದು ನಿಂತಿತ್ತು.

ಷೋರೂಮಿಗೆ ಮರಳಿದಾಗ ಯುವತಿಯ ನಗು ಮುಗಿದಿತ್ತು, ವ್ಯಾಪಾರವೂ ಮುಗಿಯಿತು ಎಂದೇ ಅವಳು ತಿಳಿದಿದ್ದಳು. ಆದರೆ ದರ್ಜಿ ಗಂಟು ಎತ್ತಿಕೊಂಡು ಇಳಿದುಹೋದ ಮೇಲೆ ಅದರ ಕೆಳಗಿಂದ ಹೊರಬಂದ ಮಾಮ ಕೂದಲು ಸರಿಮಾಡಿಕೊಂಡು ತೀರ್ಪು ಕೊಟ್ಟರು. ಆರು ಜನ, ಒಂದು ಗಂಟು, ದಾರಿಯ ಎಲ್ಲ ನಿಲ್ದಾಣ, ಇಷ್ಟಾದರೂ ಒಂಬತ್ತು ಕೊಟ್ಟಿದೆ ಅಂದರೆ ಇದು ಸಾಮಾನ್ಯ ಕಾರಲ್ಲ. ಒಬ್ಬನೇ ಕೂತು, ಕಂಬ ಕಂಡಾಗ ಕಣ್ಣು ಮುಚ್ಚಿಕೊಂಡು ಹೋದರೆ ಇಪ್ಪತ್ತೆರಡು ಖಂಡಿತ. ಕಣ್ಣು ಮುಚ್ಚಿಕೊಂಡು ಓಡಿಸುವ ವಿಚಾರ ಬಿಟ್ಟರೆ ಉಳಿದದ್ದು ಡ್ರೈವರ್‌ಗೂ ಸರಿ ಅನಿಸಿತು.

ಸಹಿ ಹಾಕಲು ಪೆನ್ನು ಹಿಡಿದಾಗ ಅವನ ಫೋನು ಬಡಿದುಕೊಂಡಿತು. ಡಿಪೋ ಮ್ಯಾನೇಜರ್. ಡ್ರೈವರ್ ಪೆನ್ನು ಬಿಟ್ಟು ಫೋನಿನ ಕಡೆ ಕೈ ಚಾಚಿದ.

"ಎತ್ಬೇಡ. ರಜೆ ದಿನ ಮ್ಯಾನೇಜರ್ ಫೋನ್ ಎತ್ತಿದೋನು ಮನೆಗೆ ಹೋದದ್ದುಂಟಾ? ನೇರ ಡ್ಯೂಟಿಗೇ" ಎಂದ ಕಂಡಕ್ಟರ್.

ಡ್ರೈವರ್ ಫೋನನ್ನು ಬೋರಲು ಹಾಕಿ ಸಹಿ ಮಾಡಿದ. ದುಡ್ಡು ಎಣಿಸಿ ಕೊಡುವಾಗ ಅದು ಮತ್ತೆ ಬಡಿದುಕೊಂಡಿತು. ಮಾಮ ಅದರ ಮೇಲೆ ತಮ್ಮ ಕರವಸ್ತ್ರ ಹೊದಿಸಿದರು. ಕೀ ಕೈಗೆ ಬಂದಾಗ ಮೂರನೆಯ ಸಲ. ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ ಮ್ಯಾನೇಜರ್ ಅಂದರೆ ಭಯವಿಲ್ಲದವನಂತೆ ಡ್ರೈವರ್ ಫೋನನ್ನು ಪೂರ್ತಿ ಆರಿಸಿ ಜೇಬಿಗೆ ಹಾಕಿಕೊಂಡ. ನಾಳೆಯಿಂದ ತಡವೇ ಆಗದವನಿಗೆ ಯಾರ ಹೆದರಿಕೆ. ಅವನಿಗೆ ನಿಜಕ್ಕೂ ಸಂತೋಷವಾಗಿತ್ತು.

ಮ್ಯಾನೇಜರ್ ಸಾಹೇಬರ ಮುಂದಿನ ಕರೆ ಕಂಡಕ್ಟರ್‌ಗೆ ಬಂತು. ಪರರಿಗೆ ಹೇಳಿದ ಬುದ್ಧಿ ತನಗೆ ನೆನಪಾಗದೆ ಅವನು ಎತ್ತಿದ. ತಕ್ಷಣ ಡಿಪೋಗೆ ಬಾ ಎಂದರಂತೆ, ಯಾಕೆಂದು ಹೇಳಲಿಲ್ಲವಂತೆ. ಅವನು ಗೊಣಗುತ್ತ ಹೋದ.

ಡ್ರೈವರ್‌ನ ಮನೆ ಇದ್ದದ್ದು ಒಂದು ಇಕ್ಕಟ್ಟಿನ ಓಣಿಯ ಕೊನೆಯಲ್ಲಿ. ಅದರಾಚೆಗೆ ರಸ್ತೆಯಿಲ್ಲ. ಅಂಗಳದಲ್ಲಿ ಕಾರು ಹಿಡಿಸಲು ಮಾಮ ಮುಂದೆ ನಿಂತು ಕಲ್ಲುಬೆಂಚು ಕೀಳಿಸಿದರು. ಸಂಜೆಯ ಹೊತ್ತಿಗೆ ಹಾಗಲಕಾಯಿ ಕಾರು ಗೇಟಿನೊಳಗೆ ಗೋಡೆಗೆ ಒತ್ತಿಕೊಂಡು ನಿಂತಿತ್ತು. ಹೆಂಡತಿ ಸೆರಗಿನಿಂದ ಅದರ ಕನ್ನಡಿ ಒರೆಸಿದಳು. ಬಣ್ಣದ ಬಗ್ಗೆ ಅವಳು ಏನೂ ಅನ್ನಲಿಲ್ಲ, ಅದು ಅವಳ ದೊಡ್ಡತನ.

ಆಗ ಓಣಿಯ ತುದಿಯಲ್ಲಿ ಪರಿಚಿತ ಹಾರ್ನ್ ಕೇಳಿಸಿತು. ಡ್ರೈವರ್‌ಗೆ ಅದು ತನ್ನ ಮಗುವಿನ ಅಳುವಿನಷ್ಟು ಪರಿಚಿತ. ಅವನದೇ ಬಸ್ಸು, ಬೇರೆ ಯಾರೋ ಓಡಿಸುತ್ತ, ಹಿಮ್ಮುಖವಾಗಿ ಓಣಿಯೊಳಗೆ ಬರುತ್ತಿತ್ತು. ಹಿಂದೆ ಕಂಡಕ್ಟರ್ ಸೀಟಿ ಊದುತ್ತ, ಬರ್ಲಿ ಬರ್ಲಿ ಎಂದು ಕೈ ಬೀಸುತ್ತಿದ್ದ. ಬಸ್ಸು ಬಂದು ಡ್ರೈವರ್‌ನ ಗೇಟಿಗೆ ಬೆಕ್ಕೂ ನುಸುಳದಷ್ಟು ಹತ್ತಿರ ನಿಂತಿತು. ಒಳಗಿಂದ ಮೊದಲು ಮ್ಯಾನೇಜರ್ ಇಳಿದರು. ಅವರು ಕೈಹಿಡಿದು ಇಳಿಸಿದ್ದು ಅಜ್ಜಿಯನ್ನು.

"ಫೋನ್ ಯಾಕ್ರೀ ಎತ್ತಲ್ಲ ನೀವು?" ಎಂದು ಮ್ಯಾನೇಜರ್ ಬಸ್ಸಿಗೂ ಗೇಟಿಗೂ ನಡುವಿನ ಸಂದಿಗೆ ಮುಖವೊಡ್ಡಿ ಕೇಳಿದರು. "ಯಾವ ಬಸ್ಸು ಎಲ್ಲಿಂದ ಹೊರಡ್ಬೇಕು ಅಂತ ತೀರ್ಮಾನ ಮಾಡೋ ದೊಡ್ಡ ಸಾಹೇಬರ ತಾಯಿ ಇವರು. ಮೊದಲೇ ಹೇಳೋದಲ್ವಾ ಪರಿಚಯ ಅಂತ. ಇನ್ನು ನೀವು ಡಿಪೋಗೆ ಬರೋದೇ ಬೇಡ. ಮೊದಲ ಬಸ್ಸು ನಿಮ್ಮ ಮನೆ ಮುಂದಿನಿಂದಲೇ ಹೊರಡುತ್ತೆ. ಬೆಳಿಗ್ಗೆ ಹತ್ತಿ ಹೊರಡಿ, ಸಂಜೆ ತಂದು ಇಲ್ಲೇ ನಿಲ್ಲಿಸಿ."

ಡ್ರೈವರ್ ಗೇಟಿನೊಳಗಿನ ಕಾರನ್ನು ತಿರುಗಿ ನೋಡಿದ. ರಜೆಯ ದಿನ ಬಸ್ಸು ಎಲ್ಲಿರುತ್ತೆ ಸಾರ್ ಎಂದು ಮೆಲ್ಲಗೆ ಕೇಳಿದ.

"ನಿಮ್ಮ ರಜೆ ದಿನ ಅದಕ್ಕೂ ರಜೆ. ಇಲ್ಲೇ ನಿಂತಿರ್ಲಿ. ಎಲ್ಲ ಅಜ್ಜಿಯವರ ದಯೆ."

ಮಾಮ ಕೂಡಲೇ ಷೋರೂಮಿಗೆ ಫೋನು ಮಾಡಿದರು. ಷೋರೂಮು ದಾಟಿದ ಕಾರನ್ನು ವಾಪಸ್ಸು ತೆಗೆದುಕೊಳ್ಳುವುದಿಲ್ಲ ಎಂದು ಹೇಳುವಾಗ ಆ ಯುವತಿಯ ದನಿಯಲ್ಲಿ ನಗು ಮರಳಿತ್ತಂತೆ. ಮಾಮ ಫೋನು ಕೆಳಗಿಟ್ಟು ಕಾರಿನ ತಲೆಯನ್ನು ಮತ್ತೆ ಸವರಿದರು.

"ಒಂದು ರೀತಿಯಲ್ಲಿ ನೋಡಿದ್ರೆ ಒಳ್ಳೇದೇ ಆಯ್ತು ಬಿಡಪ್ಪ. ಇದಕ್ಕಿಂತ ಕಡಿಮೆ ಪೆಟ್ರೋಲ್ ಕುಡಿಯೋ ಕಾರು ಇನ್ನೊಂದಿಲ್ಲ."

ಹೆಂಡತಿ ಒಳಗೆ ಹೋದಳು. ಅಕ್ಕಿ ಡಬ್ಬ, ಬೇಳೆ ಡಬ್ಬ, ಹಿಟ್ಟಿನ ಡಬ್ಬಗಳನ್ನು ಒಂದೊಂದಾಗಿ ತಂದು ಕಾರಿನ ಹಿಂದಿನ ಸೀಟಿನಲ್ಲಿ ಸಾಲಾಗಿ ಕೂರಿಸಿ, ಬೆಲ್ಟು ಹಾಕಿದಳು.

"ಇಲ್ಲಾದ್ರೂ ಸೋರಲ್ಲ" ಅಂದಳು.

ಅಜ್ಜಿ ಸಂದಿಯಲ್ಲಿ ಇಣುಕಿ ಇದನ್ನೆಲ್ಲ ನೋಡುತ್ತಿದ್ದರು. ಕಾರು ಹೊರಗೆ ಬರುವುದು ಹೇಗಪ್ಪ ಎಂದು ಕೇಳಿದರು. ನಾನು ಮನೆಯಲ್ಲಿದ್ದಾಗೆಲ್ಲ ಬಸ್ಸು ಅಡ್ಡ, ಬರುವುದಿಲ್ಲ ಅಜ್ಜಿ ಎಂದ ಡ್ರೈವರ್. ಅವರ ಕರುಳು ಮತ್ತೆ ಚುರುಕ್ಕೆಂದಿತು. ಬಸ್ಸನ್ನು ನೋಡಿದರು, ಓಣಿಯನ್ನು ನೋಡಿದರು, ಕೊನೆಗೆ ಡ್ರೈವರ್‌ನ ಮನೆಯ ಮುಂಗೋಡೆಯನ್ನು ಮೇಲಿನಿಂದ ಕೆಳಗೆ ಅಳೆದರು.

"ಈ ಓಣಿ ಸಣ್ಣದಾಯ್ತು. ನಿನ್ನ ಮನೆ ಮುಂಭಾಗ ಒಂಚೂರು ಒಡೆದು ಅಗಲ ಮಾಡಿದ್ರೆ ಎರಡೂ ಹಿಡಿಯುತ್ತೆ. ನನ್ನ ಎರಡನೇ ಮಗ ಇರೋದು ರಸ್ತೆ ಅಗಲ ಮಾಡೋ ಕಛೇರೀಲೇ."

ಬೇಡ ಅಜ್ಜಿ, ದಮ್ಮಯ್ಯ ಎಂದು ಡ್ರೈವರ್ ಗೇಟಿನ ಕಡೆ ನುಗ್ಗಿದ. ಗೇಟು ಬಸ್ಸಿಗೆ ತಗುಲಿ ತೆರೆಯಲಿಲ್ಲ. ಅಜ್ಜಿ ಆಗಲೇ ಫೋನನ್ನು ಕಿವಿಗೆ ಹಿಡಿದಿದ್ದರು.