ಇಡೀ ಕಂಪನಿಗೆ ಒಬ್ಬನೇ ಗಂಡ

ಏಕೈಕರೂ ಸರ್ವವ್ಯಾಪಿಗಳೂ ಆದ ಸಿಂಗಲ್‌ಟನ್ ಎಂಬ ತಂತ್ರಾಂಶ ವಿನ್ಯಾಸದವರ ಸನ್ನಿಧಿಗೆ, ಮದುವೆಯಾಗಿ ಹನ್ನೊಂದು ದಿನವಾದ ಪ್ರೋಗ್ರಾಮರ್ ಒಬ್ಬಳ ಸಡಗರದ ವಂದನೆಗಳು.

ಮಾನ್ಯರೇ,

ಒಂದು ವಸ್ತುವಿಗೆ ಒಂದೇ ಪ್ರತಿ ಇರಬೇಕು, ಅದನ್ನೇ ಇಡೀ ತಂತ್ರಾಂಶ ಹಂಚಿಕೊಳ್ಳಬೇಕು ಎಂಬ ತಮ್ಮ ನಿಯಮಕ್ಕೆ ನಾನು ಕಾಲೇಜಿನಲ್ಲೇ ಮನಸೋತವಳು. ಆದರೆ ನಮ್ಮ ಕಂಪನಿಯ ಸಿಬ್ಬಂದಿ ದಾಖಲೆಯಲ್ಲಿ ‘ಸಂಗಾತಿ’ ಎಂಬ ಜಾಗದಲ್ಲೂ ತಾವೇ ವಿರಾಜಮಾನರು ಎಂದು ಸೋಮವಾರದವರೆಗೆ ನನಗೆ ತಿಳಿದಿರಲಿಲ್ಲ. ಆ ದಾಖಲೆಯ ತಂತ್ರಾಂಶ ಬರೆದ ಹಿರಿಯರ ಕಾಲದಲ್ಲಿ ಇಲ್ಲಿದ್ದವರು ಆರೇ ಜನ, ಮದುವೆಯಾದವರು ಅವರೊಬ್ಬರೇ. ಕಂಪನಿಗೆಲ್ಲ ಒಬ್ಬ ಹೆಂಡತಿ ಸಾಕೆಂದು ಅವರಿಗೆ ತೋರಿತಂತೆ. ಆಮೇಲೆ ಬಂದವರೆಲ್ಲ ಆ ಜಾಗವನ್ನು ಮುಟ್ಟಬೇಡಿ ಎಂದು ಒಬ್ಬರಿಗೊಬ್ಬರು ಪಿಸುಗುಟ್ಟುತ್ತ ಹದಿನೈದು ವರ್ಷ ದೂಡಿದರು. ನಾನೋ ಹೊಸ ಮದುಮಗಳು, ಯಾರೂ ಪಿಸುಗುಟ್ಟುವ ಮೊದಲೇ ನನ್ನವರ ಹೆಸರು ತುಂಬಿಬಿಟ್ಟೆ.

ಆ ಕ್ಷಣದಿಂದ ನಾಲ್ಕುನೂರ ಹನ್ನೆರಡು ನೌಕರರಿಗೂ ನನ್ನವರೇ ಸಂಗಾತಿ. ಬಿಳಿ ಮೀಸೆಯ ನಮ್ಮ ಮ್ಯಾನೇಜರ್ ಸಾಹೇಬರು ದಾಖಲೆಯ ಪ್ರಕಾರ ನನ್ನ ಸವತಿ. ಅದನ್ನೂ ಸಹಿಸುತ್ತಿದ್ದೆ. ಆದರೆ ಏನೇ ಬದಲಾದರೂ ಎಲ್ಲರಿಗೂ ಡಂಗುರ ಸಾರುವ ತಮ್ಮ ಬಂಧು ಅಬ್ಸರ್ವರ್ ವಿನ್ಯಾಸದವರು ರಜೆಯ ವಿಭಾಗಕ್ಕೂ ಸುದ್ದಿ ಮುಟ್ಟಿಸಿದ್ದರಿಂದ, ಎಲ್ಲರಿಗೂ ಒಂದು ವಾರದ ಮದುವೆ ರಜೆ ಮಂಜೂರಾಯಿತು. ಸವತಿಯವರು ನನಗೆ ಶುಭ ಹಾರೈಸಿ ಹೊರಟೇಬಿಟ್ಟರು. ಕೆಟ್ಟದ್ದನ್ನು ಸರಿಪಡಿಸಲು ಒಬ್ಬರಾದರೂ ಉಳಿಯಬೇಕಲ್ಲ. ರದ್ದಾದ ಏಕೈಕ ರಜೆ ನನ್ನದು.

ನಮ್ಮ ತಂತ್ರಾಂಶದಲ್ಲಿ ತಮ್ಮನ್ನು ಅರವತ್ತಮೂರು ಕಡೆ ನೇರವಾಗಿ ಹೆಸರು ಹಿಡಿದು ಕರೆಯಲಾಗಿದೆ. ಒಂದು ಕಡೆ ತೆಗೆದರೆ ಲಿಫ್ಟ್ ನಿಲ್ಲುತ್ತದೆ, ಇನ್ನೊಂದು ಕಡೆ ತೆಗೆದರೆ ಕ್ಯಾಂಟೀನಿನ ಬಾಗಿಲು ತೆರೆಯುವುದಿಲ್ಲ. ತಮ್ಮ ಬೇರುಗಳ ಈ ಆಳವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಅತ್ತ ಪ್ರವಾಸಕ್ಕೆಂದು ಕಟ್ಟಿದ ಸೂಟ್‌ಕೇಸಿನ ಮೇಲೆ ಕುಳಿತ ನನ್ನವರು ಫೋನಿನಲ್ಲಿ, “ನನ್ನ ಹೆಂಡ್ತೀರಿಗೆಲ್ಲ ರಜ ಸಿಕ್ತು, ನಿಂಗೊಬ್ಳಿಗೆ ಯಾಕಿಲ್ಲ ಕಣೇ?” ಎಂದು ಕೇಳಿದರು.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ ಆ ಅರವತ್ತಮೂರು ಕಡೆಗಳಿಂದಲೂ ತಾವಾಗಿಯೇ ಎದ್ದು ಹೋಗಬೇಕು. ಅದಾಗದಿದ್ದರೆ ನನ್ನದೇ ಇನ್ನೊಂದು ಪ್ರತಿ ಮಾಡಿಕೊಡಬೇಕು: ಒಬ್ಬಳು ಕಂಪ್ಯೂಟರಿನ ಮುಂದೆ, ಇನ್ನೊಬ್ಬಳು ರೈಲಿನ ಕಿಟಕಿ ಪಕ್ಕ. ಎರಡನೆಯ ಪ್ರತಿ ಎಂದರೆ ತಮಗೆ ಆಗಿಬರುವುದಿಲ್ಲ ಎಂದು ಬಲ್ಲೆ, ಆದರೂ ಬೇಡುತ್ತೇನೆ.

ಅರವತ್ತಮೂರು ಕಡೆಯೂ ತಮ್ಮ ವಿಶ್ವಾಸಿ,
ಕಚೇರಿಯಲ್ಲಿ ಉಳಿದ ಮದುಮಗಳು

ಮರೆತಿದ್ದ ಮಾತು: ನನ್ನವರು ಈಗಷ್ಟೇ ಸೂಟ್‌ಕೇಸ್ ಸಮೇತ ಇಲ್ಲಿಗೇ ಬಂದರು. ಎಲ್ಲ ನೌಕರರ ಸಂಗಾತಿಯಾದ್ದರಿಂದ ಗೇಟು ಚೀಟಿಯನ್ನೂ ಕೇಳದೆ ತೆರೆದುಕೊಂಡಿತು. ಸದ್ಯ ಸವತಿಯವರ ಕುರ್ಚಿಯಲ್ಲಿ ಕುಳಿತು ಚಹಾ ಕುಡಿಯುತ್ತಿದ್ದಾರೆ. ತಮ್ಮ ನಿಯಮವನ್ನು ನಮ್ಮ ಮನೆಯಲ್ಲೂ ಜಾರಿಗೆ ತರುತ್ತಿದ್ದೇನೆ. ಒಬ್ಬನೇ ಇರಬೇಕು ಎಂಬುದನ್ನು ಹಾಗೇ ಉಳಿಸಿಕೊಂಡಿದ್ದೇನೆ. ಎಲ್ಲರೂ ಹಂಚಿಕೊಳ್ಳಬೇಕು ಎಂಬುದನ್ನು ಅಳಿಸಿದ್ದೇನೆ.