ಹಾಜರಿ ಭಾಷೆಗೊಂದು ಹೆಸರು

ನಾನು ಈ ಜನ್ಮದಲ್ಲಿ ಯಾರಿಗೂ ಹೆಸರಿಟ್ಟವನಲ್ಲ. ಮೂವರು ಮಕ್ಕಳ ತಂದೆ ಎನ್ನುವುದು ನಿಜ. ಆದರೆ ನಮ್ಮ ಕಡೆ ಹೆಸರಿಡುವುದು ಸೋದರತ್ತೆಯ ಹಕ್ಕು. ತೊಟ್ಟಿಲ ಬಳಿ ನನ್ನ ಅಕ್ಕ ಕೂಸಿನ ಕಿವಿಯಲ್ಲಿ 'ಕುರ್ರ್' ಎಂದು ಹೆಸರು ಹೇಳುತ್ತಿದ್ದಳು, ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಿದ್ದರು. ನಾನು ಹೊರಗೆ ಪಡಸಾಲೆಯಲ್ಲಿ ಗುಗ್ಗರಿ ತಿನ್ನುತ್ತ, ನನ್ನ ಮಗನ ಹೆಸರೇನೆಂದು ಯಾರಾದರೂ ಬಂದು ತಿಳಿಸಲಿ ಎಂದು ಕಾಯುತ್ತಿದ್ದೆ. ಎಮ್ಮೆಯ ಕರುವಿಗೆ ಹೆಸರಿಡುವ ಅಧಿಕಾರ ಹೆಂಡತಿಯದು. ನಾವಿರುವ ಕ್ವಾರ್ಟರ್ಸಿಗೆ ಕಂಪನಿಯವರೇ ನಂಬರು ಬರೆದುಬಿಟ್ಟಿದ್ದಾರೆ. ಹೀಗಾಗಿ ನಲವತ್ತೆಂಟನೆಯ ವಯಸ್ಸಿನಲ್ಲಿ ಒಂದು ಭಾಷೆಗೇ ಹೆಸರಿಡುವ ಪ್ರಸಂಗ ಬಂದಾಗ ನಾನು ಸ್ವಲ್ಪ ಹೆಚ್ಚೇ ಹಿಗ್ಗಿದೆನೆಂದು ಒಪ್ಪಿಕೊಳ್ಳುತ್ತೇನೆ.

ಭಾಷೆ ಎಂದರೆ ಮನುಷ್ಯರು ಆಡುವುದಲ್ಲ, ಕಂಪ್ಯೂಟರಿಗೆ ಹೇಳುವುದು. ವಾಡಿಯ ಹತ್ತಿರದ ಒಂದು ಸಿಮೆಂಟ್ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ನಾನು ಹಾಜರಿ ಗುಮಾಸ್ತ. ಎಂಬತ್ತರ ದಶಕದಲ್ಲಿ ನಮ್ಮ ಕೋಣೆಗೆ ಒಂದು ಕಂಪ್ಯೂಟರ್ ಬಂತು. ಸಿಮೆಂಟಿನ ಧೂಳು ಬೀಳದಂತೆ ಅದಕ್ಕೆ ನನ್ನ ಹೆಂಡತಿಯ ಹಳೆಯ ಸೀರೆಯನ್ನು ಹೊದಿಸಿದೆವು. ಹೈದರಾಬಾದಿನಲ್ಲಿ ಎರಡು ವಾರ ಕಲಿತು ಬಾ ಎಂದು ನನ್ನನ್ನೇ ಕಳಿಸಿದ್ದರು. ಕಲಿತದ್ದನ್ನು ಇತರರಿಗೆ ಕಲಿಸಲು ಹೋದಾಗ ಗೊತ್ತಾಯಿತು, ಇಂಗ್ಲಿಷಿನ ಆಜ್ಞೆಗಳು ನನ್ನ ಬಾಯಿಂದ ಹೊರಟು ಯಾರ ತಲೆಗೂ ಹೋಗುತ್ತಿಲ್ಲವೆಂದು. ಆರು ತಿಂಗಳು ಕುಳಿತು ನಾನೇ ಒಂದು ಸಣ್ಣ ಭಾಷೆ ಕಟ್ಟಿದೆ. ಅಕ್ಷರ ಇಂಗ್ಲಿಷಿನವು, ಮಾತು ನಮ್ಮವು: ಹಾಕು, ತೆಗಿ, ಎಣಿಸು, ತೋರ್ಸು, ಸಾಕು. ಒಟ್ಟು ಇಪ್ಪತ್ತೆರಡು ಶಬ್ದ. ನಮ್ಮ ಮನೆಯಲ್ಲಿ ಇಡೀ ದಿನಕ್ಕೆ ಇದಕ್ಕಿಂತ ಕಡಿಮೆ ಶಬ್ದ ಸಾಕಾಗುತ್ತವೆ.

ಅದನ್ನು ಸರಾಗವಾಗಿ ಕಲಿತವಳು ಶಾಂತಾಬಾಯಿ ಒಬ್ಬಳೇ. ಚಿಂಚೋಳಿ ಕಡೆಯ ಹೆಣ್ಣುಮಗಳು, ಎಸ್ಸೆಸ್ಸೆಲ್ಸಿ ಪಾಸು. ಟೈಮ್ ಆಫೀಸಿಗೆ ಬರುವ ಮೊದಲು ನಾಲ್ಕು ವರ್ಷ ಪ್ಯಾಕಿಂಗ್ ವಿಭಾಗದಲ್ಲಿ ಚೀಲ ಎಣಿಸುತ್ತ, ಧೂಳು ಕುಡಿದು ಕೆಮ್ಮು ಹಚ್ಚಿಕೊಂಡಿದ್ದಳು. ನಮ್ಮ ಕೋಣೆಗೆ ಬಂದ ಮೇಲೆ ಕೆಮ್ಮು ನಿಂತಿತ್ತು. ಅಷ್ಟರಲ್ಲಿ ಹೆಡ್ ಆಫೀಸಿನಿಂದ ಪತ್ರ ಬಂತು: ನೀವು ಬಳಸುವ ಭಾಷೆಯ ಹೆಸರನ್ನು ಜೊತೆಗಿರುವ ಫಾರ್ಮಿನಲ್ಲಿ ತಿಳಿಸಿ, ನಮ್ಮ ಅಧಿಕಾರಿ ಬಂದು ಪರೀಕ್ಷಿಸುತ್ತಾರೆ, ಒಪ್ಪಿಗೆಯಾಗದಿದ್ದರೆ ಇಂಗ್ಲಿಷಿನದನ್ನೇ ಹಾಕಿ ಅದಕ್ಕೆ ಬೇರೆ ಆಪರೇಟರನ್ನು ಕಳಿಸುತ್ತೇವೆ. ಅಂದರೆ ಶಾಂತಾಬಾಯಿ ಮತ್ತೆ ಧೂಳಿಗೆ.

ನಾನು ಯಾರನ್ನೂ ಕೇಳಲಿಲ್ಲ. ಹೆಸರಿಡುವ ಯೋಗ ಒಮ್ಮೆ ಬಂದಿದೆ, ಹಂಚಿಕೊಳ್ಳಲು ಮನಸ್ಸಾಗಲಿಲ್ಲ. ಕಾಗಿಣಾ ನದಿ ಭೀಮೆಯನ್ನು ಕೂಡುವುದು ನಮ್ಮ ಸೀಮೆಯಲ್ಲೇ. ಮನುಷ್ಯನೂ ಯಂತ್ರವೂ ಕೂಡುವುದು ನಮ್ಮ ಕೋಣೆಯಲ್ಲಿ. 'ಸಂಗಮ' ಎಂದು ಬರೆದು ಫಾರ್ಮು ಕಳಿಸಿಬಿಟ್ಟೆ. ಸಾಲದ್ದಕ್ಕೆ, ಪ್ರತಿದಿನ ಮೊದಲ ಸಾಲಿನಲ್ಲಿ ಆ ಹೆಸರನ್ನು ಟೈಪು ಮಾಡಿದ ಹೊರತು ಕೆಲಸ ಶುರುವಾಗದಂತೆ ಏರ್ಪಾಡು ಮಾಡಿದೆ. ಹೆಸರು ಜನರ ಬಾಯಲ್ಲಿ ನಿಲ್ಲಬೇಕಲ್ಲ!

ಮರುದಿನ ಬೆಳಿಗ್ಗೆ ಹೋದರೆ ಶಾಂತಾಬಾಯಿ ಸೀರೆ ಸರಿಸಿದ ಯಂತ್ರದ ಮುಂದೆ ಕೈಕಟ್ಟಿ ಕುಳಿತಿದ್ದಾಳೆ.

"ಯಾಕವ್ವ, ಕರೆಂಟ್ ಇಲ್ಲೇನು?"

"ಅದರ್ರಿ."

"ಮತ್ತ ಹೆಸರು ಹೊಡದು ಶುರು ಮಾಡು."

"ಅದೇನು ನನಗ ಆಗಂಗಿಲ್ರಿ ಸರ," ಎಂದು ತಲೆ ತಗ್ಗಿಸಿದಳು.

ಸ್ಟೋರಿನ ರಹೀಮ್ ಸಾಬರು ದಿನಾ ಶಹಾಬಾದಿನಿಂದ ರೈಲಿನಲ್ಲಿ ಬರುವವರು. ನಮ್ಮ ಕೋಣೆಯಲ್ಲಿ ಚಹಾ ಕುಡಿಯದೆ ಸ್ಟೋರಿನ ಬೀಗ ತೆಗೆದವರಲ್ಲ. ಅವರೇ ನಗುತ್ತ ಬಿಡಿಸಿ ಹೇಳಿದರು: "ಅರೆ ಸಾಬ್, ನಮ್ಮ ಕ್ರೇನ್ ಡ್ರೈವರ್ ಸಂಗಮೇಶ ಈಕಿ ಗಂಡ ಅಲ್ಲೇನ್ರಿ? ಗಂಡನ ಹೆಸರು ಹೆಂಗ ಹೊಡೀತಾಳ ಪಾಪ?"

"ಇದು ಸಂಗಮ ಅದವ್ವ, ಸಂಗಮೇಶ ಅಲ್ಲ. ಅಲ್ದೇ ಬಾಯಿಂದ ಏನು ಅನ್ನೂದದ, ಬೆರಳಿಂದ ಹೊಡಿ."

"ಅರ್ಧ ಅಂದ್ರೂ ಅಂದ್ಹಂಗೇ ಅಲ್ಲೇನ್ರಿ. ರೇಶನ್ ಕಾರ್ಡಿಗೂ ನಮ್ಮ ನೆಗೆಣ್ಣಿ ಕೈಲಿ ಬರಸೀನ್ರಿ."

ಹಾಗಾದರೆ ಪತ್ರ ಬರೆದು ಹೆಸರು ಬದಲಿಸೋಣವೆಂದೆ. 'ಬಸವ' ಎಂದರೆ ಆಕೆಯ ಮಾವ. 'ಗಂಗಾ' ಎಂದರೆ ಅತ್ತೆ. 'ಚಂದ್ರ' ಎಂದರೆ ಭಾವ, ಚಂದ್ರಶೇಖರ. ನನಗೂ ತಾಳ್ಮೆ ತಪ್ಪಿತು. "ನಿನ್ನ ಗಂಡನ ಮನಿ ಏನು ಓಟರ್ ಲಿಸ್ಟೇನವ್ವ? ಒಂದರ ಹೆಸರು ಬಿಟ್ಟಾರೇನು?"

"ಭಾಳ ದೊಡ್ಡ ಮನಿತನ ಅದರ್ರಿ," ಎಂದಳು ಆಕೆ, ಒಂದಿಷ್ಟು ಹೆಮ್ಮೆಯಿಂದಲೇ.

ಕೊನೆಗೆ ಆದ ಒಪ್ಪಂದವೆಂದರೆ, ದಿನಾ ಬೆಳಿಗ್ಗೆ ನಾನು ಬಂದು ಹೆಸರು ಹೊಡೆಯುವುದು, ಮುಂದಿನದು ಆಕೆ ಮಾಡುವುದು. ಮೊದಲ ಸಾಲಿನ ನಿಯಮವನ್ನೇ ತೆಗೆದುಹಾಕಬಹುದಿತ್ತು. ಹತ್ತು ನಿಮಿಷದ ಕೆಲಸ. ಆದರೆ ಹೆಸರಿಟ್ಟವನ ಮನಸ್ಸು ಕೇಳಬೇಕಲ್ಲ!

ಅಧಿಕಾರಿ ಬಂದರು. ಹೈದರಾಬಾದಿನವರು, ಕನ್ನಡ ಬಾರದು, ಹಿಂದಿಯಲ್ಲಿ ಮೃದುವಾಗಿ ಮಾತಾಡುತ್ತಿದ್ದರು. ನಾನು ರೂಢಿಯಂತೆ ಮೊದಲ ಸಾಲು ಹೊಡೆಯಲು ಬಗ್ಗಿದೆ. ಅವರು ನನ್ನ ಭುಜ ಹಿಡಿದು ಹಿಂದಕ್ಕೆ ಸರಿಸಿದರು. ಆಪರೇಟರ್ ಒಬ್ಬರೇ ಮಾಡಬೇಕು, ಇನ್ನೊಬ್ಬರ ಸಹಾಯ ಬೇಕಾಗುವ ಭಾಷೆ ನಮಗೆ ಬೇಡ ಎಂದರು. ರಹೀಮ್ ಸಾಬರು ಅದನ್ನು ಕನ್ನಡಕ್ಕೆ ತಂದರು. ನಾನು ಗೋಡೆಗೆ ಒರಗಿ ನಿಂತೆ. ಹತ್ತು ನಿಮಿಷದ ಕೆಲಸ ಮಾಡಲಿಲ್ಲವಲ್ಲ ಎಂದು ಆಗ ನನ್ನನ್ನೇ ಬೈದುಕೊಂಡೆ. ನನ್ನ ಹಟಕ್ಕೆ ಈ ಹೆಣ್ಣುಮಗಳು ಧೂಳಿಗೆ ಹೋಗಬೇಕೆ?

ಶಾಂತಾಬಾಯಿ ಯಂತ್ರದ ಮುಂದೆ ಕುಳಿತು ಬೆರಳು ಮಡಿಚಿಕೊಂಡಳು. ಅಧಿಕಾರಿ ಕೈಗಡಿಯಾರ ನೋಡಿಕೊಂಡರು. ಆಕೆ ಕಿಟಕಿಯಾಚೆ, ಕ್ರೇನು ಇರುವ ದಿಕ್ಕಿಗೊಮ್ಮೆ ನೋಡಿದಳು. ಆಮೇಲೆ ತಲೆಯ ಮೇಲೆ ಸೆರಗು ಎಳೆದುಕೊಂಡು, ಮದುವೆ ಮನೆಯ ಬಾಗಿಲಲ್ಲಿ ಹೊಸ ಸೊಸೆ ಗಂಡನ ಹೆಸರನ್ನು ಪ್ರಾಸದ ಸಾಲಿನಲ್ಲಿ ಸೇರಿಸಿ ಒಡಪು ಹೇಳುವಂತೆ, ಗಟ್ಟಿ ದನಿಯಲ್ಲಿ ಹೇಳಿದಳು:

"ಹಾಕು ಅಂದ್ರ ಹಾಕ್ತದ, ಸಾಕು ಅಂದ್ರ ನಿಲ್ತದ,
ಸಂಗಮೇಶರ ಹಂಗಲ್ರಿ ಇದು, ಹೇಳಿದ ಮಾತು ಕೇಳ್ತದ!"

ಹೇಳಿದ್ದೇ ತಡ, ಹೆಸರಿನ ಒಂದೊಂದೇ ಅಕ್ಷರ ಒತ್ತಿದಳು. ಯಂತ್ರ ಶುರುವಾಯಿತು. ಒಡಪು ಕಟ್ಟಿ ಹೇಳಿದ ಮೇಲೆ ಹೆಸರಿನ ದೋಷ ಇರುವುದಿಲ್ಲ. ಇದು ನನಗೂ ಗೊತ್ತಿದ್ದ ಸಂಗತಿ, ಕಂಪ್ಯೂಟರಿಗೆ ಹೊಂದಿಸಿ ನೋಡುವ ಬುದ್ಧಿ ಬಂದಿರಲಿಲ್ಲ. ಇಡೀ ಪಾಳಿಯ ಹಾಜರಿಯನ್ನು ಆಕೆ ಒಬ್ಬಳೇ ತೆಗೆದು ತೋರಿಸಿದಳು. ರಹೀಮ್ ಸಾಬರು ಒಡಪಿನ ಅರ್ಥ ಹೇಳಿದಾಗ ಅಧಿಕಾರಿ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ನನ್ನ 'ಸಂಗಮ'ವನ್ನು ಹೊಡೆದುಹಾಕಿ, ಆಕೆಯ ಬಾಯಲ್ಲಿ ಬಂದದ್ದನ್ನೇ ತಮ್ಮ ಕೈಯಾರೆ ಫಾರ್ಮಿನಲ್ಲಿ ಬರೆದುಕೊಂಡರು.

ಹದಿನೈದು ದಿನಕ್ಕೆ ನೋಟಿಸ್ ಬೋರ್ಡಿನಲ್ಲಿ ಕಾಗದ ಅಂಟಿತು: "ಟೈಮ್ ಆಫೀಸಿನ 'ಸಂಗಮೇಶ' ಭಾಷೆಯನ್ನು ಮುಂದುವರಿಸಲು ಒಪ್ಪಿಗೆ ಇದೆ." ಕಟ್ಟಿದವರ ಹೆಸರು ಅದರಲ್ಲಿ ಇರಲಿಲ್ಲ. ಮೂರೂ ಪಾಳಿಯ ಜನ ಓದಿದರು, ನೇರವಾಗಿ ಕ್ರೇನಿನ ಬಳಿಗೆ ಹೋಗಿ ಸಂಗಮೇಶನ ಕೈ ಕುಲುಕಿದರು. "ಏನು ತಲಿ ಓಡಿಸಿದಿಯೋ ಮಾರಾಯ! ಕ್ರೇನಿನ್ಯಾಗ ಕುಂತು ಇದೆಲ್ಲಾ ಯಾವಾಗ ಮಾಡ್ದಿ?" ಅವನು ಪಾಪ, ಮೊದಲ ದಿನ ಅಲ್ಲವೆಂದ, ಎರಡನೆಯ ದಿನ ನಕ್ಕ, ಮೂರನೆಯ ದಿನ ಪೇಡೆ ಹಂಚಿದ.

ಶಾಂತಾಬಾಯಿ ಕುರ್ಚಿಯಲ್ಲೇ ಉಳಿದಳು, ಅಷ್ಟು ಸಾಕು. ಹೆಸರಿಟ್ಟವಳೂ ಆಕೆಯೇ ಆದಳು. ಆ ವಿಷಯದಲ್ಲಿ ನನ್ನ ದಾಖಲೆ ಮುಂಚಿನಂತೆ ಸ್ವಚ್ಛವಾಗಿದೆ. ಆದರೆ ಪ್ರತಿ ಸೋಮವಾರ ಪಾಳಿ ಮುಗಿಸಿ ಹೆಂಡತಿಯನ್ನು ಕರೆದೊಯ್ಯಲು ಬರುವ ಸಂಗಮೇಶ, ಬಾಗಿಲಲ್ಲಿ ನಿಂತು ನನ್ನನ್ನು ಕೇಳುತ್ತಾನೆ: "ಹೆಂಗ್ರಿ ಸರ, ನನ್ನ ಭಾಷಾ ಛಲೋ ನಡದದಿಲ್ರಿ? ಏನರ ತ್ರಾಸ ಕೊಟ್ರ ಹೇಳ್ರಿ."

ನಾನು ಎದ್ದು ನಿಂತು ವರದಿ ಒಪ್ಪಿಸುತ್ತೇನೆ.